ಕಂಬದ ಪಕ್ಕದ ಎಲೆ

ಅಪ್ಪನ ಬ್ಯಾಂಕಿನ ವರ್ಗಾವಣೆ ನಮ್ಮನ್ನು ಮೊದಲು ಹುಬ್ಬಳ್ಳಿಯಿಂದ ಸೊಲ್ಲಾಪುರಕ್ಕೆ, ಆಮೇಲೆ ಕಾಶಿಗೆ ತಂದಿತು. ಶಿವಾಲದ ಒಂದು ಗಲ್ಲಿಯಲ್ಲಿ, ಎರಡನೆಯ ಮಹಡಿಯಲ್ಲಿ, ಎರಡು ಕೋಣೆಗಳ ಬಾಡಿಗೆ ಮನೆ. ನಾನು ದಿನಚರಿ ಬರೆಯತೊಡಗಿದ್ದು ಇಲ್ಲಿಗೆ ಬಂದ ಮೇಲೆ. ಮಾತಾಡಲು ಗೆಳತಿಯರು ಇನ್ನೂ ಆಗಿರಲಿಲ್ಲ, ಕಾಲೇಜಿನ ಪ್ರವೇಶಕ್ಕೂ ತಡವಾಗಿತ್ತು. ದಿನಾಂಕ, ಹವೆ, ಮನೆಯಲ್ಲಿ ಏನು ಅಡುಗೆ, ಯಾರು ಬಂದರು, ಕರೆಂಟು ಎಷ್ಟು ಹೊತ್ತು ಹೋಗಿತ್ತು ಎಂಬಷ್ಟನ್ನು ಬರೆಯುತ್ತಿದ್ದೆ. ಸೋಮವಾರದ ಪುಟದಲ್ಲಿ ಮಾತ್ರ ಇನ್ನೊಂದು ಲೆಕ್ಕ ಇರುತ್ತಿತ್ತು: ಮಠದ ಪಂಕ್ತಿಯಲ್ಲಿ ಎಷ್ಟು ಎಲೆ ಬಿದ್ದವು ಎಂಬುದು.

ಮಠ ನಮ್ಮ ಕಡೆಯದು. ಅಲ್ಲಿನ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಸೋಮವಾರ ಮಧ್ಯಾಹ್ನ ದಾಸೋಹ. ಊರಿನಿಂದ ಬಂದ ಯಾತ್ರಿಕರು, ಬ್ಯಾಂಕು ರೈಲ್ವೆಗಳಿಗೆ ವರ್ಗವಾಗಿ ಬಂದ ನಾಲ್ಕೈದು ಕನ್ನಡದ ಮನೆಗಳವರು, ಮಠದ ಕೆಲಸದವರು ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಉಣ್ಣುವಾಗ ಯಾರೂ ಮಾತಾಡುವಂತಿರಲಿಲ್ಲ. ಇನ್ನಷ್ಟು ಬೇಕಾದರೆ ಎಲೆಯ ಪಕ್ಕಕ್ಕೆ ಅಂಗೈ ಮೇಲೆ ಮಾಡಿ ಹಿಡಿಯಬೇಕು, ಸಾಕಾದರೆ ಎಲೆಗೆ ಅಡ್ಡ ಹಿಡಿಯಬೇಕು. ಬಡಿಸುವವರು ಈ ಕೈಗಳನ್ನು ನೋಡುತ್ತ ನಡೆಯಬೇಕು. ಒಂದು ಎಲೆಯನ್ನು ಬಿಟ್ಟು ಮುಂದೆ ಹೋದರೆ ಅದು ಪಂಕ್ತಿಭೇದ. ಬಡಿಸುವವರು ಬೇಕಾದವರು, ಬೇಡವಾದವರು ಎಂದು ಲೆಕ್ಕ ಹಾಕಿದರು ಎಂದೇ ಅದರ ಅರ್ಥ. ಮಠದಲ್ಲಿ ಅದಕ್ಕಿಂತ ದೊಡ್ಡ ತಪ್ಪು ಬೇರೊಂದಿರಲಿಲ್ಲ.

ಬಡಿಸುವ ಕೆಲಸ ಉಪ್ಪಿನಿಂದ ಶುರುವಾಗುತ್ತಿತ್ತು. ಹೊಸಬರಿಗೆ ಉಪ್ಪು, ಕೈ ಕುದುರಿದ ಮೇಲೆ ಚಟ್ನಿ, ಆಮೇಲೆ ಪಲ್ಯ, ಅನ್ನ. ಎಲ್ಲಕ್ಕಿಂತ ಮೇಲೆ ಗೋದಿ ಹುಗ್ಗಿ. ಅವ್ವ ಎರಡು ವರ್ಷದಲ್ಲಿ ಉಪ್ಪಿನಿಂದ ಹುಗ್ಗಿಯವರೆಗೆ ಬಂದಿದ್ದಳು. ಅವಳಿಗೆ ಹಿಂದಿ ಹತ್ತಿರಲಿಲ್ಲ. ಉಳಿದ ದಿನಗಳಲ್ಲಿ ತರಕಾರಿಯವನ ಮುಂದೆ ಬೆರಳು ಮಾಡಿ "ಯೇ, ಆಧಾ ಕಿಲೋ" ಎನ್ನುವಷ್ಟೇ ಅವಳ ಮಾತು. ಸೋಮವಾರ ಹುಗ್ಗಿಯ ಬಕೆಟ್ಟು ಹಿಡಿದಾಗ ಅವಳು ಬೇರೆಯೇ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅರ್ಧ ಸೌಟು ಸಾಕೆನ್ನುವವರಿಗೆ ಒಂದು ಸೌಟು ಹಾಕಿ, ನಕ್ಕು ಮುಂದೆ ಹೋಗುತ್ತಿದ್ದಳು. ಈ ಊರಿನಲ್ಲಿ ಅವಳದೆಂದು ಇದ್ದದ್ದು ಅದೊಂದು ಜಾಗ.

೧೯೯೧ರ ಶ್ರಾವಣದಲ್ಲಿ ಅವಳು ಎಲೆಗಳನ್ನು ಬಿಡತೊಡಗಿದಳು.

ಮೊದಲು ತಪ್ಪಿದ್ದು ರೈಲ್ವೆ ಅಕ್ಕಾರ ಎಲೆ. ಅವರು ಬಾಗಲಕೋಟೆ ಕಡೆಯವರು, ಗಂಡ ರೈಲ್ವೆಯಲ್ಲಿದ್ದುದರಿಂದ ನಮಗೆಲ್ಲ ಅವರು ರೈಲ್ವೆ ಅಕ್ಕಾರು. ಬೆನ್ನು ನೋವಿಗೆ ಒರಗಲು ಬೇಕೆಂದು ಸಾಲಿನ ತುದಿಯಲ್ಲಿ ಕಂಬದ ಪಕ್ಕ ಕೂರುತ್ತಿದ್ದರು. ಅವ್ವ ಅಲ್ಲಿಯವರೆಗೆ ಬಂದವಳು ಅವರ ಪಕ್ಕದ ಎಲೆಗೆ ಹುಗ್ಗಿ ಹಾಕಿ ತಿರುಗಿಬಿಟ್ಟಳು. ಒಂದು ಸೋಮವಾರ ಅವರು ನಕ್ಕು ಸುಮ್ಮನಾದರು. ಮರುವಾರ ಅಂಗೈ ಚಾಚಿ ಕೂತೇ ಇದ್ದರು. ಅವ್ವ ಎರಡು ಸಲವೂ ಪಕ್ಕದ ಎಲೆಯಿಂದಲೇ ತಿರುಗಿದಳು. ಊಟ ಮುಗಿದು ಕೈ ತೊಳೆಯುವ ನಲ್ಲಿಯ ಹತ್ತಿರ ಅವರು ಅವ್ವನನ್ನು ಹಿಡಿದರು.

"ಯಾಕ್ರಿ ಅಕ್ಕಾರ, ನನ್ನ ಪಾಲಿಗೆ ಹುಗ್ಗಿ ಮುಗದಿತ್ತೇನು?"

"ಅಯ್ಯ, ನೀವು ಬಂದಿದ್ರೇನು?" ಎಂದಳು ಅವ್ವ.

ಅವ್ವ ಇದಕ್ಕಿಂತ ಕೆಟ್ಟದ್ದೇನನ್ನೂ ಹೇಳಬಹುದಾಗಿರಲಿಲ್ಲ.

"ನಾ ಎಲ್ಲಿ ಬಂದಿದ್ದೆ? ಕಂಬಕ್ಕ ಒರಗಿ ಕುಂತಿದ್ದು ನನ್ನ ದೆವ್ವ."

ಹಿಂದಿನ ತಿಂಗಳು ಅವರು ಒಯ್ದಿದ್ದ ನಮ್ಮ ಇಡ್ಲಿ ಪಾತ್ರೆ ವಾಪಸು ಬಂದಿರಲಿಲ್ಲ. ಕೇಳಿಕೊಂಡು ಬಾ ಎಂದು ಅವ್ವ ನನ್ನನ್ನು ಒಮ್ಮೆ ಕಳಿಸಿದ್ದಳು. ಹಾಗಾಗಿ ಎಲೆ ಬಿಟ್ಟಿದ್ದಕ್ಕೆ ಕಾರಣ ಏನೆಂದು ಇಡೀ ಮಠಕ್ಕೆ ತಾನಾಗಿ ಹೊಳೆಯಿತು. ಇಡ್ಲಿ ಪಾತ್ರೆಯ ಸಿಟ್ಟನ್ನು ಹುಗ್ಗಿಯ ಸೌಟಿನಿಂದ ತೀರಿಸಿಕೊಂಡಳು ಎಂದಾಯಿತು.

ಅದೇ ದಿನಗಳಲ್ಲಿ ಅವ್ವನ ಎರಡೂ ತೋಳುಗಳಲ್ಲಿ ಹಸಿರುಗಟ್ಟಿದ ಕಲೆಗಳಿದ್ದವು. ಬಾಗಿಲ ಚೌಕಟ್ಟು ತಾಗಿತು ಎನ್ನುತ್ತಿದ್ದಳು. ಗಲ್ಲಿಯಲ್ಲಿ ಸೈಕಲ್ಲಿನವನೊಬ್ಬ ಗಂಟೆ ಬಾರಿಸುತ್ತಲೇ ಪಕ್ಕದಿಂದ ಬಂದು ಅವಳ ಚೀಲಕ್ಕೆ ಗುದ್ದಿ, ಬಟಾಟೆಗಳೆಲ್ಲ ಮೋರಿಗೆ ಹೋದವು. "ಕಣ್ಣು ಎಲ್ಲಿಟ್ಟೀಯ, ಅಮ್ಮಾ?" ಎಂದು ಅವನು ಹಿಂದಿಯಲ್ಲಿ ಬೈದ. ಅವ್ವನಿಗೆ ತಲೆನೋವೂ ಇತ್ತು, ಆದರೆ ಅದನ್ನು ಅವಳು ಬಿಸಿಲಿನ ಲೆಕ್ಕಕ್ಕೆ ಹಾಕಿದ್ದಳು. ವಯಸ್ಸು ನಲವತ್ತು ದಾಟಿತು, ಚಾಳೀಸು ಬಂದಿದೆ ಎಂದು ಅಪ್ಪ ಅವಳನ್ನು ಭೇಲೂಪುರದ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದ. ನಾನೂ ಹೋಗಿದ್ದೆ.

ಅಕ್ಷರದ ಪಟ್ಟಿ ಅವ್ವನಿಗೆ ಓದಲು ಬಾರದು. ಅಂಗಡಿಯವನು ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳಿದ್ದ ಪಟ್ಟಿ ತೂಗುಹಾಕಿ, ಹಲ್ಲು ಯಾವ ಕಡೆಗಿದೆ, ಕೈಯಿಂದ ತೋರಿಸಿ ಎಂದ. ಅವ್ವ ಒಂದೂ ತಪ್ಪದೆ ತೋರಿಸಿದಳು. ತೀರ ಕೆಳಗಿನ ಸಾಲನ್ನು ನಾನು ತಡವರಿಸಿದೆ, ಅವಳು ತಡವರಿಸಲಿಲ್ಲ. ಓದುವುದಕ್ಕೆ ಬೇಕಾದರೆ ಒಂದು ಕೊಡುತ್ತೇನೆ, ದೂರದ ದೃಷ್ಟಿ ಫಸ್ಟ್ ಕ್ಲಾಸ್ ಎಂದ ಅವನು.

ಅಪ್ಪನಿಗೆ ಇದು ಸಂತೋಷದ ಸುದ್ದಿ. ಮುಂದಿನ ಸೋಮವಾರ ಮಠದ ಕಟ್ಟೆಯ ಮೇಲೆ ಕೂತು ತಾನಾಗಿಯೇ ಹೇಳಿದ: "ಕಣ್ಣು ತೋರಿಸಿದ್ವಿ. ಫಸ್ಟ್ ಕ್ಲಾಸ್ ಅದಾವಂತ."

ರೈಲ್ವೆ ಅಕ್ಕಾರು ಚಪ್ಪಲಿ ಬಿಡುತ್ತಿದ್ದವರು ಅಲ್ಲೇ ನಿಂತರು. "ಹೌದೇನ್ರಿ? ಹಂಗಾರ ಕಂಡಽ ಬಿಟ್ಟಾರ ಅಂದಂಗಾತು."

ಆ ದಿನ ಅವ್ವ ಇನ್ನೂ ಇಬ್ಬರ ಎಲೆ ಬಿಟ್ಟಳು. ಅವರಲ್ಲಿ ಒಬ್ಬರು ವಿಜಾಪುರ ಕಡೆಯಿಂದ ಬಂದ ವಯಸ್ಸಾದ ಯಾತ್ರಿಕರು. ಅವರಿಗೂ ನಮಗೂ ನಡುವೆ ಯಾವ ಪಾತ್ರೆಯೂ ಇರಲಿಲ್ಲ, ಆದರೆ ಅದನ್ನು ಯಾರೂ ಯೋಚಿಸಲಿಲ್ಲ. ಸಂಜೆ ಅಜ್ಜಾರು ಅವ್ವನನ್ನು ಕರೆಸಿದರು. ಅವರು ಮೆಲ್ಲಗೆ ಮಾತಾಡುವವರು.

"ಸ್ವಲ್ಪ ದಿನ ಹಿಂದಿನ ಕ್ವಾಣ್ಯಾಗ ಕಾಯಿಪಲ್ಲೆ ಹೆಚ್ಚವಾ. ಬಡಸೂದು ಬ್ಯಾರೇದವರು ನೋಡ್ತಾರ."

"ಆಗಲ್ರಿ ಅಜ್ಜಾರ," ಎಂದಳು ಅವ್ವ. ಮನೆಯ ಮೆಟ್ಟಿಲು ಹತ್ತುವಾಗ ನನ್ನನ್ನು ಕೇಳಿದಳು: "ನೀನು ನೋಡೀಯಲ್ಲ. ನಾ ಬೇಕಂತ ಬಿಟ್ಟೇನೇನು?"

"ಇಲ್ಲ," ಎಂದೆ. ಯಾಕೆ ಬಿಟ್ಟಳು ಎಂಬುದು ನನಗೂ ಗೊತ್ತಿರಲಿಲ್ಲ.

ಆಮೇಲೆ ಎರಡು ಸೋಮವಾರ ಅವ್ವ ಮಠಕ್ಕೇ ಹೋಗಲಿಲ್ಲ. ತಲೆನೋವು ಎಂದಳು. ನೆಪ ಎಂದುಕೊಂಡೆವು. ಒಂದು ಮಧ್ಯಾಹ್ನ ಗೋಡೆಗೆ ಹಣೆ ಒತ್ತಿ ನಿಂತಿದ್ದವಳನ್ನು ನೋಡಿ ಅಪ್ಪ ರಜೆ ಹಾಕಿ, ಭೇಲೂಪುರದಲ್ಲಿಯೇ ಇದ್ದ ಒಬ್ಬ ಡಾಕ್ಟರ ಬಳಿಗೆ ಕರೆದೊಯ್ದ. ಡಾಕ್ಟರಿಗೆ ಕನ್ನಡ ಬಾರದು, ಅವ್ವನಿಗೆ ಹಿಂದಿ ಬಾರದು. ಹೆಂಗಸರ ವಿಷಯ ಬಂದರೆ ಅಪ್ಪ ಎದ್ದು ಹೊರಗೆ ಹೋಗುವವನು. ಹಾಗಾಗಿ ನಡುವೆ ಕೂತವಳು ನಾನು.

ಡಾಕ್ಟರು ಅವ್ವನ ಎದುರಿಗೆ ಸ್ಟೂಲು ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ತಮ್ಮ ಮೂಗನ್ನೇ ನೋಡಬೇಕು, ಕಣ್ಣು ಅಲ್ಲಾಡಿಸಬಾರದು ಎಂದರು. ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ ಬಲಗೈಯ ಬೆರಳಾಡಿಸಿದರು.

"ಯಾವ ಕೈ ಅಲ್ಲಾಡಿತು ಕೇಳಿ."

ನಾನು ಕೇಳಿದೆ. ಅವ್ವ ಅವರ ಮೂಗನ್ನೇ ನೋಡುತ್ತ, "ಯಾವ ಕೈ? ಕೈ ಎಲ್ಲೈತಿ?" ಎಂದಳು.

ಅವರು ಎಡಗೈ ಆಡಿಸಿದರು, ಆಮೇಲೆ ಎರಡನ್ನೂ. ಆಡಿಸುತ್ತ ಆಡಿಸುತ್ತ ಕೈಗಳನ್ನು ನಡುವಿಗೆ ತಂದರು. ಕೆನ್ನೆಯ ಹತ್ತಿರ ಬಂದಾಗ ಅವ್ವ, "ಹಾಂ, ಈಗ ಬಂದ್ವು," ಎಂದಳು. ನಾನು ಬೆಂಚಿನ ಮೇಲೆ ಕೂತಲ್ಲಿಂದ ಆ ಬೆರಳುಗಳನ್ನು ಮೊದಲಿನಿಂದಲೂ ನೋಡುತ್ತಿದ್ದೆ.

ಡಾಕ್ಟರು ಹಾಳೆಯ ಮೇಲೆ ಎರಡು ವೃತ್ತ ಬರೆದು, ಹೊರಗಿನ ಅರ್ಧಗಳಿಗೆ ಗೆರೆ ಎಳೆದು ಕಪ್ಪು ಮಾಡಿದರು. ಅವರ ಪ್ರಶ್ನೆಗಳು ಆಮೇಲೆ ಬೇರೆ ದಾರಿ ಹಿಡಿದವು.

"ತಿಂಗಳಿನದು ಸರಿಯಾಗಿ ಆಗುತ್ತದೆಯೇ?"

ಅಪ್ಪ ಎದ್ದು ಹೊರಗೆ ಹೋದ. ನಾನು ಕೇಳಿದೆ.

"ಎಲ್ಲಿಂದ ಆಗಬೇಕು? ನೀ ಎರಡು ವರ್ಷದಾಕಿ ಇದ್ದಾಗ ಹುಬ್ಬಳ್ಳ್ಯಾಗ ಎಲ್ಲಾ ತಗದು ಒಗದಾರಲ್ಲ. ಗೊತ್ತಿಲ್ಲೇನು ನಿನಗ?"

ಗೊತ್ತಿತ್ತು. ಗರ್ಭಕೋಶವನ್ನೂ ಎರಡು ಅಂಡಾಶಯಗಳನ್ನೂ ತೆಗೆದಿದ್ದರು ಎಂದು ಡಾಕ್ಟರಿಗೆ ಹೇಳಿದೆ. ಅವರು ತಲೆಯಾಡಿಸಿದರು. ಇಂಥ ತೊಂದರೆಯಲ್ಲಿ ಸಾಮಾನ್ಯವಾಗಿ ಹೆಂಗಸರಿಗೆ ಮೊದಲು ಕೆಡುವುದು ತಿಂಗಳಿನ ಲೆಕ್ಕ, ಅದರಿಂದಲೇ ಬೇಗ ಗೊತ್ತಾಗುತ್ತದೆ, ಇವರಿಗೆ ಆ ಸೂಚನೆ ಸಿಗುವ ದಾರಿಯೇ ಇರಲಿಲ್ಲ ಎಂದರು. ಆಮೇಲೆ ಕೇಳಿದರು: "ಎದೆಯಿಂದ ಹಾಲು ಬರುತ್ತದೆಯೇ?"

ನಾನು ಆ ಪ್ರಶ್ನೆಯನ್ನು ಕನ್ನಡಕ್ಕೆ ತರಲು ಸ್ವಲ್ಪ ಹೊತ್ತು ತೆಗೆದುಕೊಂಡೆ. ತಂದ ಮೇಲೆ ಅವ್ವ ನೆಲ ನೋಡಿದಳು.

"ಹೌದು ಅನ್ನು."

"ಯಾವಾಗಿನಿಂದ?" ಎಂದೆ.

"ಸೊಲ್ಲಾಪುರದಾಗಿಂದ. ಬಟ್ಟಿ ಇಟ್ಕೊಂತೇನಿ."

"ಯಾರಿಗೂ ಹೇಳಲಿಲ್ಲ ಯಾಕ?"

"ಅದು ಡಾಕ್ಟರು ಕೇಳಿದ್ದೇನು, ನೀ ಕೇಳಿದ್ದು?"

"ನಾ."

"ಏನಂತ ಹೇಳಲಿ? ಕೂಸಿಲ್ಲದ ಹಾಲು ಬರಾಕತ್ತೈತಿ ಅಂತ ನಿಮ್ಮಪ್ಪಗ ಹೇಳಲೇನು?"

ಡಾಕ್ಟರು ನಮ್ಮಿಬ್ಬರನ್ನೂ ನೋಡುತ್ತಿದ್ದರು. "ಹೌದಂತೆ," ಎಂದಷ್ಟೇ ಹೇಳಿದೆ. ಕೊನೆಯ ಪ್ರಶ್ನೆ ಮಾತ್ರೆಗಳದ್ದು. ದಿನವೂ ಏನಾದರೂ ತೆಗೆದುಕೊಳ್ಳುತ್ತಾರೆಯೇ? ಅವ್ವ ಇಲ್ಲ ಎಂದಳು. ಸ್ವಲ್ಪ ತಡೆದು, "ನೇಮದ ಗುಳಿಗಿ ಒಂದ ಬಿಟ್ರ," ಎಂದಳು.

ಆ ಗುಳಿಗೆಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಆಪರೇಷನ್ ಆದ ಮೇಲೆ ಹುಬ್ಬಳ್ಳಿಯ ಡಾಕ್ಟರು ಬರೆದುಕೊಟ್ಟದ್ದು. ಸಣ್ಣ ವಯಸ್ಸಿಗೇ ಅಂಡಾಶಯ ಹೋದ ಹೆಂಗಸರಿಗೆ, ಮೈಯೆಲ್ಲ ಬೆಂಕಿ ಹಾಯ್ದಂತೆ ಬಿಸಿಯೇರುವುದಕ್ಕೆ, ಮೂಳೆ ಸವೆಯದಿರುವುದಕ್ಕೆ ಕೊಡುವ ಈಸ್ಟ್ರೋಜನ್. ಅವ್ವ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ವಿಭೂತಿ ಗಟ್ಟಿಯ ಪಕ್ಕದಲ್ಲಿಯೇ ಇಟ್ಟಿದ್ದ ಪಟ್ಟಿಯಿಂದ ಒಂದನ್ನು ಬಿಡಿಸಿ ನೀರಿನೊಂದಿಗೆ ನುಂಗುತ್ತಿದ್ದಳು. ಪೂಜೆಯೂ ತಪ್ಪದು, ಗುಳಿಗೆಯೂ ತಪ್ಪದು ಎಂಬಂತೆ ಎರಡೂ ಒಂದೇ ನೇಮ ಆಗಿದ್ದವು. ಹುಬ್ಬಳ್ಳಿಯ ಡಾಕ್ಟರು ಮೂರು ವಾರ ತೆಗೆದುಕೊಂಡು ಒಂದು ವಾರ ಬಿಡಬೇಕು, ವರ್ಷಕ್ಕೊಮ್ಮೆ ಬಂದು ತೋರಿಸಬೇಕು ಎಂದಿದ್ದರಂತೆ. ಹಿಡಿದ ನೇಮವನ್ನು ತಿಂಗಳಿಗೊಂದು ವಾರ ಬಿಡುವುದು ಅವ್ವನಿಗೆ ಸರಿ ಕಾಣಲಿಲ್ಲ. ಕಾಶಿಯ ಬೇಸಿಗೆಯಲ್ಲಿ ಮೈ ಬಿಸಿ ಹೆಚ್ಚಾದಾಗ ಒಂದರ ಬದಲು ಎರಡು ತೆಗೆದುಕೊಂಡಿದ್ದಳು. ಊರು ಬದಲಾದಾಗಲೆಲ್ಲ ಅಪ್ಪ ಹಳೆಯ ಚೀಟಿಯನ್ನೋ ಖಾಲಿ ಪಟ್ಟಿಯನ್ನೋ ತೋರಿಸಿ ಔಷಧ ಅಂಗಡಿಯಿಂದ ಹೊಸದನ್ನು ತರುತ್ತಿದ್ದ. ಹೀಗೆ ಹದಿನೇಳು ವರ್ಷ ಆಗಿತ್ತು.

ಡಾಕ್ಟರು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಅವ್ವನ ಗದ್ದವನ್ನು ಬಿಳಿಯ ಬೋಗುಣಿಯಂಥ ಯಂತ್ರದ ಮುಂದೆ ಇರಿಸಿ, ಒಳಗೆ ಬೆಳಕಿನ ಚುಕ್ಕೆ ಓಡಿಸಿ, ಎಲ್ಲಿ ಕಾಣುತ್ತದೆ ಎಲ್ಲಿ ಇಲ್ಲ ಎಂಬ ನಕ್ಷೆ ತೆಗೆದರು. ರಕ್ತ ತೆಗೆದುಕೊಂಡರು. ತಲೆಯ ಸ್ಕ್ಯಾನ್ ಮಾಡಿದರು. ಅಲ್ಲಿನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನಮಗೆ ತೋರಿಸಿದರು. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇರುತ್ತದೆ, ಪಿಟ್ಯುಟರಿ ಎಂದು. ಎದೆಹಾಲಿನ ಹಾರ್ಮೋನು ಬರುವುದು ಅದರಿಂದಲೇ. ಅವ್ವನದು ಗಡ್ಡೆ ಬೆಳೆದು ದೊಡ್ಡ ನೆಲ್ಲಿಕಾಯಿಯಷ್ಟಾಗಿತ್ತು. ಎರಡೂ ಕಣ್ಣಿನ ನರಗಳು ಅದರ ಮೇಲೆಯೇ ಒಂದನ್ನೊಂದು ದಾಟುತ್ತವೆ. ಗಡ್ಡೆ ಕೆಳಗಿನಿಂದ ಒತ್ತಿದರೆ ಎರಡೂ ಪಕ್ಕದ ನೋಟ ಹೋಗುತ್ತದೆ, ನಡುವಿನದು ಉಳಿಯುತ್ತದೆ. ಕನ್ನಡಕದ ಅಂಗಡಿಯ ಪಟ್ಟಿ ನಡುವಿನಲ್ಲಿತ್ತು. ಕಂಬ ಪಕ್ಕದಲ್ಲಿತ್ತು.

ಅಪ್ಪ ಕೇಳಿದ ಪ್ರಶ್ನೆ ಒಂದೇ: "ಇದು ಆ ಗುಳಿಗೆಯಿಂದ ಆಯಿತೇ?"

ಡಾಕ್ಟರು ನೇರವಾಗಿ ಹೌದು ಎನ್ನಲಿಲ್ಲ. ಇಲಿಗಳಿಗೆ ಬಹಳ ದಿನ ಈಸ್ಟ್ರೋಜನ್ ಕೊಟ್ಟರೆ ಈ ಗ್ರಂಥಿ ಬೆಳೆದು ಇಂಥದೇ ಗಡ್ಡೆಯಾಗುತ್ತದೆ, ಅದು ಪ್ರಯೋಗಶಾಲೆಗಳಲ್ಲಿ ಚೆನ್ನಾಗಿ ಗೊತ್ತಿರುವ ವಿಷಯ. ಮನುಷ್ಯರಲ್ಲಿ ಹಾಗೆಂದು ಖಚಿತವಾಗಿ ಹೇಳಲು ಆಗುವುದಿಲ್ಲ. ಈ ಮಾತ್ರೆ ತೆಗೆದುಕೊಂಡ ಬಹಳ ಹೆಂಗಸರಿಗೆ ಏನೂ ಆಗಿಲ್ಲ, ಮಾತ್ರೆಯನ್ನೇ ನೋಡದವರಿಗೂ ಇದು ಆಗಿದೆ. ಮೊದಲೇ ಸಣ್ಣದೊಂದು ಇತ್ತೋ, ಅದನ್ನು ಇದು ಬೆಳೆಸಿತೋ, ಎರಡಕ್ಕೂ ಸಂಬಂಧವೇ ಇಲ್ಲವೋ, ಈಗ ಹೇಳುವುದು ಕಷ್ಟ. "ಆದರೆ ಇವತ್ತಿನಿಂದ ಬಂದ್," ಎಂದರು.

ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತ. "ತಪ್ಪದಂಗ ತಂದ್ಕೊಟ್ಟೆ," ಎಂದ.

"ತರದಿದ್ರ ಬೈತಿದ್ದೆ," ಎಂದಳು ಅವ್ವ. "ಏಳ್ರಿ, ರಿಕ್ಷಾದಂವ ಹೊಂಟ."

ಆಪರೇಷನ್ನಿಗೆ ಮೊದಲು ಕೆಲವು ವಾರ ಔಷಧಿ ನೋಡೋಣ ಎಂದು ತೀರ್ಮಾನವಾಯಿತು. ಬ್ರೋಮೋಕ್ರಿಪ್ಟಿನ್ ಎಂಬ ಮಾತ್ರೆ. ಗಡ್ಡೆ ಕುಗ್ಗಿದರೆ ಸರಿ, ಇಲ್ಲವಾದರೆ ಮೂಗಿನ ಒಳಗಿನಿಂದ ಹೋಗಿ ತೆಗೆಯಬೇಕು. ಮಲಗುವಾಗ, ಊಟದ ಮೇಲೆ, ಅರ್ಧದಿಂದ ಶುರು. ಮೊದಲ ವಾರ ಅವ್ವ ವಾಂತಿ ಮಾಡಿದಳು. ಹಾಸಿಗೆಯಿಂದ ಏಳುವಾಗ ತಲೆ ತಿರುಗಿ ಗೋಡೆ ಹಿಡಿಯುತ್ತಿದ್ದಳು. ಹಳೆಯ ಗುಳಿಗೆ ನಿಂತದ್ದರಿಂದ ಮೈಬಿಸಿ ಮರಳಿ ಬಂತು. ಬೀಸಣಿಗೆ ಅವಳ ಕೈಯಲ್ಲಿಯೇ ಇರುತ್ತಿತ್ತು. ಇದಕ್ಕೆ ಏನಾದರೂ ಕೊಡಿ ಎಂದು ನಾನು ಕೇಳಿದಾಗ, ಮೊದಲು ಕಣ್ಣು, ಉಳಿದದ್ದು ಆಮೇಲೆ ಎಂದರು ಡಾಕ್ಟರು.

ಹೊಸ ಮಾತ್ರೆಯ ಡಬ್ಬಿಯನ್ನು ನಾನು ಅಭ್ಯಾಸದಿಂದ ಪೂಜೆಯ ಗೂಡಿನಲ್ಲಿ ಇಡಲು ಹೋದೆ. ಅವ್ವ ಬೇಡ ಎಂದಳು.

"ಅಲ್ಲೆ ಬ್ಯಾಡ. ಅಡಗಿ ಮನ್ಯಾಗ ಇಡು, ಜೀರಗಿ ಡಬ್ಬಿ ಬಾಜೂಕ. ಇದನ್ನ ಬಿಡು ಅಂದ್ರ ಬಿಡಾಕ ಬರಬೇಕು."

ವಿಷಯ ಅಪ್ಪನಿಂದ ಅಜ್ಜಾರಿಗೆ, ಅಲ್ಲಿಂದ ಎಲ್ಲರಿಗೂ ತಲುಪಿತು. ಒಂದು ಸಂಜೆ ರೈಲ್ವೆ ಅಕ್ಕಾರು ಇಡ್ಲಿ ಪಾತ್ರೆ ಹಿಡಿದುಕೊಂಡು ಎರಡು ಮಹಡಿ ಹತ್ತಿ ಬಂದರು. ಬೆನ್ನು ಹಿಡಿದುಕೊಂಡು ಮಂಚದ ಮೇಲೆ ಕೂತು, ಪಾತ್ರೆಯನ್ನು ಅವ್ವನ ಪಕ್ಕಕ್ಕೆ ಇಟ್ಟರು.

"ತಗೋರಿ. ಕಾಣಸ್ತೈತೋ ಇಲ್ಲೋ?"

ಅವ್ವ ತಲೆ ತಿರುಗಿಸಿ ನೋಡಿದಳು. "ಕಾಣಸ್ತು. ತಳಾ ಸುಟ್ಟೀರಿ."

"ಸುಟ್ಟದ್ದಕ್ಕಽ ತಡಾ ಆತು. ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಸಾಕಾತು." ಆಮೇಲೆ ಕೇಳಿದರು: "ಮೊದಲಽ ಹೇಳಬಾರದೇನ್ರಿ, ಬಾಜೂಕಿನದು ಕಾಣವಲ್ದು ಅಂತ? ನಾ ಏನೇನೋ ಅಂದೆ."

"ನನಗ ಗೊತ್ತಿದ್ರ ಅಲ್ಲೇನ್ರಿ ಹೇಳೂದು?" ಎಂದಳು ಅವ್ವ. "ಕತ್ತಲಿ ಆಗಿದ್ರ ಕತ್ತಲಿ ಐತಿ ಅಂತ ಗೊತ್ತಾಗ್ತಿತ್ತು. ಇದು ಕತ್ತಲಿ ಅಲ್ಲ. ಅಲ್ಲೆ ಏನೂ ಇಲ್ಲ ಅಂತ ಅನಸ್ತೈತಿ. ನನ್ನ ಪಂಕ್ತಿ ನಿಮ್ಮ ಬಾಜೂದಾಕಿ ಹತ್ರನ ಮುಗೀತಿತ್ತು. ಕಂಬನೂ ಇರಲಿಲ್ಲ, ನೀವೂ ಇರಲಿಲ್ಲ."

ರೈಲ್ವೆ ಅಕ್ಕಾರು ಚಹಾ ಕುಡಿದು, ಇಳಿಯುವಾಗ ಮೆಟ್ಟಿಲನ್ನು ಬೈದುಕೊಳ್ಳುತ್ತ ಹೋದರು.

ಡಾಕ್ಟರು ಮಾಡಿದಂತೆಯೇ ಸ್ಟೂಲಿನ ಮೇಲೆ ಕೂತು ನಾನು ವಾರಕ್ಕೊಮ್ಮೆ ಅವ್ವನ ಮುಂದೆ ಬೆರಳಾಡಿಸುತ್ತಿದ್ದೆ. ದಿನಚರಿಯಲ್ಲಿ ಎರಡು ವೃತ್ತ ಬರೆದು, ಕಾಣದ ಕಡೆ ಗೆರೆ ಎಳೆಯುತ್ತಿದ್ದೆ. ಮೂರನೆಯ ವಾರದ ವೃತ್ತಗಳಲ್ಲಿ ಗೆರೆಗಳು ಹಿಂದೆ ಸರಿದಿವೆ. ದೀಪಾವಳಿಯ ಹೊತ್ತಿಗೆ ಬಲಗಣ್ಣಿನ ವೃತ್ತ ಬಹುತೇಕ ಬೆಳ್ಳಗಾಗಿತ್ತು, ಎಡಗಣ್ಣಿನ ಹೊರ ಅಂಚಿನಲ್ಲಿ ಒಂದು ತುಂಡು ಉಳಿದಿತ್ತು. ಆಸ್ಪತ್ರೆಯ ಯಂತ್ರವೂ ಅದನ್ನೇ ಹೇಳಿತು. ಆಪರೇಷನ್ ಸದ್ಯಕ್ಕೆ ಬೇಡ, ಮಾತ್ರೆ ನಿಲ್ಲಿಸಬೇಡಿ, ಎಡಗಡೆಯ ತುಂಡು ಬರಬಹುದು, ಬಾರದೆಯೂ ಇರಬಹುದು ಎಂದರು. ಅದು ಬರಲಿಲ್ಲ.

ಕಾರ್ತಿಕದ ಒಂದು ಸೋಮವಾರ ಅವ್ವ ಮಠಕ್ಕೆ ಹೋಗಿ ಅಜ್ಜಾರ ಮುಂದೆ ನಿಂತಳು. ಬಡಿಸಲು ಬರಲೇ ಎಂದು ಕೇಳಲಿಲ್ಲ. "ಉಪ್ಪು ಕೊಡ್ರಿ," ಎಂದಳು. ಹುಗ್ಗಿಯಿಂದ ಉಪ್ಪಿಗೆ ಯಾರೂ ಹಿಂದೆ ಬಂದದ್ದಿಲ್ಲ. ಅಜ್ಜಾರು ಅವಳ ಮುಖ ನೋಡಿ, ಉಪ್ಪಿನ ಬಟ್ಟಲು ತರಿಸಿ ಕೊಟ್ಟರು.

ಅವ್ವ ಒಂದೊಂದು ಎಲೆಗೂ ನಿಂತು, ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ, ಆಮೇಲೆ ಮುಂದಿನ ಹೆಜ್ಜೆ ಇಟ್ಟಳು. ಸಾಲು ನಿಧಾನವಾಯಿತು. ಚಟ್ನಿಯವರು ಅವಳ ಬೆನ್ನಿಗೆ ಬಂದು ಕಾದರು. ನಾನು ಎದುರು ಸಾಲಿನ ಹಿಂದೆ ನಿಂತಿದ್ದೆ. ಕಂಬ ಬಂತು. ಅವ್ವ ತಿರುಗಿ ನೋಡಿ, ರೈಲ್ವೆ ಅಕ್ಕಾರ ಎಲೆಯ ಮೂಲೆಗೆ ಉಪ್ಪು ಇಟ್ಟಳು. ಮುಂದೆ ಸಾಲು ಇರಲಿಲ್ಲ, ಆದರೂ ಇನ್ನೊಮ್ಮೆ ತಿರುಗಿ, ಅಂಗೈ ಕಂಡು, ಇನ್ನಷ್ಟು ಇಟ್ಟಳು. ಅಕ್ಕಾರು ಅಂಗೈಯನ್ನು ಸರಿಸಿ ಎಲೆಗೆ ಅಡ್ಡ ಹಿಡಿದರು. ಅವ್ವ ಆ ಕೈಯ ಮೇಲೆಯೂ ಒಂದು ಚಿಟಿಕೆ ಹಾಕಿದಳು.

"ಸಾಕ್ರಿ ಅಕ್ಕಾರ," ಎಂದರು ಅವರು, ಮೌನದ ಪಂಕ್ತಿಯಲ್ಲಿ, ಎಲ್ಲರಿಗೂ ಕೇಳುವಂತೆ. "ನಾ ಬಂದೇನಿ ಅಂತ ಗೊತ್ತಾತು."

ಯಾರೋ ನಕ್ಕರು. ಅಜ್ಜಾರು ತಲೆ ಎತ್ತಲಿಲ್ಲ. ಅವ್ವ ಬಟ್ಟಲನ್ನು ಒಳಗಿಟ್ಟು ಬಂದು, ಕೊನೆಯ ಪಂಕ್ತಿಯಲ್ಲಿ ನನ್ನ ಬಲಕ್ಕೆ, ಅವಳಿಗೆ ಸರಿಯಾಗಿ ಕಾಣದ ಎಡಗಡೆಗೆ ನಾನು ಇರುವಂತೆ ಕೂತಳು.

ಅಂದಿನ ಪುಟದಲ್ಲಿ ಎಲೆಗಳ ಲೆಕ್ಕ ಇಲ್ಲ, ಎಣಿಸಿರಲಿಲ್ಲ. ಮುಂದಿನ ಸೋಮವಾರದ ಪುಟದಲ್ಲಿ ಹೀಗಿದೆ: ಚಳಿ. ಎಲೆ ನಲವತ್ತೊಂದು. ಅವ್ವನಿಗೆ ಚಟ್ನಿ ಕೊಟ್ಟರು.